ಉತಾರ-ಯಂತ್ರ: ಬಳಸುವ ಕ್ರಮ (ಗೊಳಸಂಗಿ ಮಾದರಿ)

ಡಬ್ಬಿ ಬಿಚ್ಚಿರಿ. ಒಳಗೆ ಎರಡು ಸಾಮಾನು ಇರುತ್ತವೆ: ಕೃತಕ ಬುದ್ಧಿಮತ್ತೆ ಮತ್ತು ಬ್ಲಾಕ್‌ಚೈನ್. ಮೊದಲನೆಯದು ಬಾಯಿಬಡುಕ, ಎರಡನೆಯದು ಹಟಮಾರಿ. ಎರಡನ್ನೂ ಒಟ್ಟಿಗೆ ಬಾಗೇವಾಡಿ ಕೋರ್ಟಿಗೆ ಒಯ್ಯುವ ಮುನ್ನ ಈ ಹಾಳೆ ಪೂರ್ತಿ ಓದಿ.

ಜೋಡಣೆ: ಬ್ಲಾಕ್‌ಚೈನ್ ಅಂದರೆ ಹಳೇ ಕುಲಕರ್ಣಿಯ ದಫ್ತರವೇ. ಆದರೆ ಪ್ರತಿ ಪುಟದ ಮೇಲೂ ಹಿಂದಿನ ಪುಟದ ಹೆಬ್ಬೆಟ್ಟು ಬಿದ್ದಿರುತ್ತದೆ, ನಕಲು ಹತ್ತು ಕಡೆ ಇರುತ್ತದೆ. ನಡುವೆ ಒಂದಕ್ಷರ ತಿದ್ದಿದರೆ ಮುಂದಿನದೆಲ್ಲ ತಾಳೆ ತಪ್ಪುತ್ತದೆ. ಕೇಂದ್ರ ಸರ್ಕಾರದ ಎನ್‌ಐಸಿ 2020ರಲ್ಲಿ ಬೆಂಗಳೂರಿನಲ್ಲಿ ಇದಕ್ಕೊಂದು ಕೇಂದ್ರವನ್ನೇ ತೆರೆಯಿತು. ಇದು ಮೊದಲೇ ಇದ್ದಿದ್ದರೆ ನಕಲಿ ಛಾಪಾಕಾಗದದ ತೆಲಗಿ 2001ರವರೆಗೆ ಮೆರೆಯುತ್ತಿರಲಿಲ್ಲ ಎಂದು ಮಾರುವವರು ಹೇಳಬಹುದು. ಆದರೆ ಆತ ಅಚ್ಚಿನ ಯಂತ್ರ ಸಂಪಾದಿಸಿದ್ದು ನಾಸಿಕದ ಸರ್ಕಾರಿ ಮುದ್ರಣಾಲಯದಿಂದಲೇ. ಬೀಗ ಎಷ್ಟು ಗಟ್ಟಿಯಿದ್ದರೇನು, ಕಳ್ಳ ಒಳಗಿನವರ ಕೈ ಹಿಡಿದು ಬಂದಿದ್ದ.

ಎಚ್ಚರಿಕೆ: ಬ್ಲಾಕ್‌ಚೈನ್ ಸರಪಳಿಗೆ ಏರಿಸುವ ಮೊದಲು ಉತಾರವನ್ನು, ಅಂದರೆ ಪಹಣಿಯನ್ನು, ಬೆಳಕಿಗೆ ಹಿಡಿದು ಓದಿ. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆಯಲ್ಲಿ ಕೈಬರಹದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು, ಅವುಗಳ ಜೊತೆ ತಪ್ಪುಗಳೂ ಏರಿದವು. ಬಸಪ್ಪ ಬಸವ್ವನಾಗಿದ್ದರೆ, 12 ಗುಂಟೆ 21 ಆಗಿದ್ದರೆ, ತಹಶೀಲ್ದಾರರ ಕಚೇರಿಗೆ ಚಪ್ಪಲಿ ಸವೆಸಿ ತಿದ್ದಿಸಬಹುದು. ಬ್ಲಾಕ್‌ಚೈನಿನಲ್ಲಿ ಬಸವ್ವ ಅಮರ.

ಬೀಜದ ಚೀಲಕ್ಕೂ ಇದೇ ನಿಯಮ. ಕೇಂದ್ರ ಸರ್ಕಾರ 2023ರಲ್ಲಿ ತಂದ ಬೀಜದ ಜಾಡು ಹಿಡಿಯುವ ‘ಸಾಥಿ’ಯ ಕ್ಯೂಆರ್ ಕೋಡಿಗೆ ಫೋನ್ ಹಿಡಿಯಿರಿ, ಅಸಲಿ ಅನ್ನುತ್ತದೆ. ಆಮೇಲೆ ಚೀಲದ ಬಾಯಿ ನೋಡಿ. ಹೊಲಿದ ದಾರ ಎರಡು ಬಣ್ಣದ್ದಿದ್ದರೆ ಆ ತೊಗರಿ ಬಿತ್ತಬೇಡಿ.

ಬುದ್ಧಿಮತ್ತೆ ಚಾಲೂ ಮಾಡುವುದು: ಒಡ್ಡಿನ ತಕರಾರು ಹೇಳಿ, ಆಧಾರ ಕೇಳಿ. ಚಹಾ ಆರುವುದರೊಳಗೆ ನಾಲ್ಕು ಸುಪ್ರೀಂ ಕೋರ್ಟ್ ತೀರ್ಪು ಕೊಡುತ್ತದೆ, ವರ್ಷ, ಪುಟ ಸಮೇತ. ವಕೀಲರ ಫೀ ಉಳಿಯಿತೆಂದು ಹಿಗ್ಗಬೇಡಿ. 2024ರ ಡಿಸೆಂಬರ್ ಕೊನೆಗೆ ಬೆಂಗಳೂರಿನ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಆದೇಶವೊಂದರಲ್ಲಿ ಹುಟ್ಟಿಯೇ ಇಲ್ಲದ ತೀರ್ಪುಗಳು ಕಾಣಿಸಿಕೊಂಡವು. ಕೆಲವೇ ದಿನಗಳಲ್ಲಿ ಆದೇಶ ವಾಪಸ್. 2025ರ ಮಾರ್ಚ್‌ನಲ್ಲಿ ಬೆಂಗಳೂರಿನ ಕೆಳ ಕೋರ್ಟೊಂದರ ಆದೇಶದಲ್ಲೂ ಅಂಥವೇ ಕಂಡಾಗ ಹೈಕೋರ್ಟ್ ಗರಂ ಆಯಿತು. ಯಂತ್ರ ಹೇಳಿತೋ, ಮನುಷ್ಯನೇ ಬರೆದನೋ, ಇಲ್ಲದ ತೀರ್ಪು ಇಲ್ಲದ್ದೇ. ಯಂತ್ರಕ್ಕೆ ‘ಗೊತ್ತಿಲ್ಲ’ ಎಂಬ ಗುಂಡಿಯೂ ಇದೆಯಂತೆ, ಆದರೆ ಬಹಳ ಬಿಗಿ.

ಕೇರಳ ಹೈಕೋರ್ಟ್ ಜಾಣತನ ಮಾಡಿದೆ. 2025ರ ಜುಲೈನಲ್ಲಿ ತನ್ನ ಜಿಲ್ಲಾ ನ್ಯಾಯಾಲಯಗಳಿಗೆ ಹೇಳಿಬಿಟ್ಟಿತು: ತೀರ್ಪು ಯಂತ್ರದ ಕೆಲಸವಲ್ಲ, ಅದು ಮಾಡಿದ ಅನುವಾದವನ್ನೂ ಮನುಷ್ಯರೇ ನೋಡಬೇಕು. ನೀವೂ ನೋಡಿ. ನಮ್ಮ ಸಾಕ್ಷಿ ‘ಒಡ್ಡಿನ ಮ್ಯಾಲ ಬಾಂದ ಇತ್ರೀ’ ಅಂದದ್ದು ಇಂಗ್ಲಿಷಿಗೆ ಹೋಗಿ ತಿರುಗಿ ಬರುವಷ್ಟರಲ್ಲಿ ಹೊಲವೇ ಇರುತ್ತದೋ ಇಲ್ಲವೋ.

ದುರಸ್ತಿ: ಎರಡೂ ಯಂತ್ರ ಕೈಕೊಟ್ಟರೆ ಹೊಲಕ್ಕೆ ನಡೆಯಿರಿ. ಬಾಂದುಕಲ್ಲು ಹುಗಿದ ದಿನ ಇದ್ದ ಅಜ್ಜನನ್ನು ಕರೆದೊಯ್ಯಿರಿ, ಮೊದಲು ಚಹಾ ಕುಡಿಸಿ. ಆತ ಬನ್ನಿಗಿಡಕ್ಕೆ ಬೆನ್ನು ಕೊಟ್ಟು ನಿಂತು, ಕೋಲೂರುತ್ತ ಹೆಜ್ಜೆ ಎಣಿಸುತ್ತಾನೆ. ನಲವತ್ತಕ್ಕೆ ನಿಲ್ಲುತ್ತಾನೆ. ಅಲ್ಲಿ ಕಲ್ಲಿಲ್ಲ.

“ಹುಗದಾಂವ ನಾನ ಅದೀನಿ ತಮ್ಮಾ. ಆದ್ರ ಆಗ ನನ್ನ ಹೆಜ್ಜಿ ಉದ್ದ ಇತ್ತು.”