ಗೋಡೆಯ ಆಚೆ ಭಾಲ್ಕಿ, ಈಚೆ ಔರಾದ

ಬೀದರಿನ ನಮ್ಮ ಓಣಿಯಲ್ಲಿ ಎದೆಮಟ್ಟಕ್ಕಿಂತ ಎತ್ತರ ಕಾಂಪೌಂಡ್ ಕಟ್ಟುವವರಿಲ್ಲ. ಕಟ್ಟಿದರೆ ಮಾತಾಡುವುದು ಹೇಗೆ? ನನ್ನ ಬಲಕ್ಕೆ ಭಾಲ್ಕಿ ಕಾಕಾ, ಎಡಕ್ಕೆ ಔರಾದ ಮಾಸ್ತರು. ಇಬ್ಬರೂ ಊರು ಬಿಟ್ಟು ಬಂದವರು, ಊರಿನ ಪಕ್ಷ ಬಿಟ್ಟವರಲ್ಲ. 2025ರ ಮಾತಿದು: ಆಗ ಭಾಲ್ಕಿಯ ಈಶ್ವರ ಖಂಡ್ರೆ ಕಾಂಗ್ರೆಸ್ ಸರ್ಕಾರದ ಮಂತ್ರಿ, ಔರಾದದ ಪ್ರಭು ಚವ್ಹಾಣ ವಿರೋಧ ಪಕ್ಷ ಬಿಜೆಪಿಯಲ್ಲಿ. ಹೀಗಾಗಿ ನಡುವಿನ ನನ್ನ ಅಂಗಳವೇ ಸದನದ ಬಾವಿ.

"ಕಾಕಾ, ನಿಮ್ಮ ಸಿದ್ದರಾಮಯ್ಯನವರು ಈ ವರ್ಷ 1 ಲಕ್ಷ 16 ಸಾವಿರ ಕೋಟಿ ಸಾಲ ಮಾಡ್ಲತ್ತಾರಲ್ರಿ, ತೀರಸೋರು ಯಾರು?"

"ಕಾಯ್ದೆ ಒಳಗೇ ಅದ ತಗೋರಿ ಮಾಸ್ತರ. ವಿತ್ತೀಯ ಕೊರತಿ ಮೂರರ ಒಳಗ, ಒಟ್ಟು ಸಾಲ ಇಪ್ಪತ್ತೈದರ ಒಳಗ."

ಕಾಕಾನ ಲೆಕ್ಕ ಸುಳ್ಳಲ್ಲ. 2025-26ರ ಬಜೆಟ್ಟಿನಲ್ಲಿ ಕೊರತೆ ರಾಜ್ಯದ ಒಟ್ಟು ಉತ್ಪನ್ನದ ಶೇ. 2.95, ಹೊಣೆಗಾರಿಕೆ ಶೇ. 24.91. ಗೆರೆ ದಾಟಿರಲಿಲ್ಲ, ಹೆಬ್ಬೆರಳು ತಾಗಿಸಿ ನಿಂತಿದ್ದರು ಅಷ್ಟೆ. ಆದರೆ ಎಸ್.ಎಂ. ಕೃಷ್ಣ ಸರ್ಕಾರ 2002ರಲ್ಲಿ, ದೇಶದಲ್ಲೇ ಮೊದಲು, ತಂದ ಆ ವಿತ್ತೀಯ ಹೊಣೆಗಾರಿಕೆ ಕಾಯ್ದೆಗೆ ಮೂರನೆಯ ಗೆರೆಯೊಂದಿದೆ: ರಾಜಸ್ವ ಕೊರತೆ ಇರಕೂಡದು. ಆ ಬಜೆಟ್ಟಿನಲ್ಲಿ ಅದು 19,262 ಕೋಟಿ. ಮಾಸ್ತರು ಅಲ್ಲಿಗೇ ಕೈ ಹಾಕಿದರು.

"ಬಾವಿ ತೋಡ್ಲಾಕ ಸಾಲ ತಂದ್ರ ನಾಳಿ ನೀರು ಬರ್ತದ. ದಿನದ ಕಿರಾಣಿಗೆ ಸಾಲ ತಂದ್ರ ಏನು ಬರ್ತದ್ರಿ?"

ಕಾಕಾ ತಡಬಡಾಯಿಸಲಿಲ್ಲ. "2020ರಾಗ ಯಡಿಯೂರಪ್ಪನವರು ಅದೇ ಕಾಯ್ದೆ ತಿದ್ದಿ ಮೂರನ್ನ ಐದು ಮಾಡಿದ್ರಲ್ಲ, ಆಗ ನೀವು ಎಲ್ಲಿ ಹೋಗಿದ್ರಿ?"

"ಕೊರೊನಾ ಇತ್ತಲ್ರಿ!"

"ನಮಗ ಗ್ಯಾರಂಟಿ ಯೋಜನಾ ಅದಾವ. ದಿಲ್ಲಿಯವರ ಕಾಯ್ದೀನೂ ಮೂರೇ ಅಂತದ, ಈ ವರ್ಷದ ಗುರಿ 4.4. ಅದನ್ನೂ ಕೇಳ್ರಿ."

ಅಂದು ಕಾಂಗ್ರೆಸ್ ಸಾಲದ ಮಿತಿ ಏರಿಸಬೇಡಿ ಎಂದಿತ್ತು, ಇಂದು ಬಿಜೆಪಿ ರಾಜ್ಯ ದಿವಾಳಿ ಎನ್ನುತ್ತಿದೆ. ಡೀಸೆಲ್ ತೆರಿಗೆಯ ಕಥೆಯೂ ಇದೇ. 2020ರಲ್ಲಿ ಯಡಿಯೂರಪ್ಪನವರು ಶೇ. 21ರಿಂದ 24ಕ್ಕೆ ಏರಿಸಿದರು, ಆಮೇಲೆ ಬೊಮ್ಮಾಯಿ ಇಳಿಸಿದರು. 2025ರ ಏಪ್ರಿಲ್‌ನಲ್ಲಿ ಸಿದ್ದರಾಮಯ್ಯ ಮತ್ತೆ 21.17ಕ್ಕೆ ತಂದರು. ಔರಾದ, ಭಾಲ್ಕಿ ಕಡೆಯ ಪಂಪಿನವರು ಇದನ್ನು ಪೈಸೆ ಪೈಸೆ ಲೆಕ್ಕ ಇಡುತ್ತಾರೆ. ಆಚೆ ದೇಗಲೂರು, ಉದಗೀರ ಮಹಾರಾಷ್ಟ್ರ. ಲಾರಿಯವರು ಎಲ್ಲಿ ಅಗ್ಗವೋ ಅಲ್ಲೇ ಟ್ಯಾಂಕ್ ತುಂಬಿಸುವವರು. ನಮ್ಮ ಕಡೆಯ ಅಗ್ಗದ ಅಂತರ ಕರಗಿದಷ್ಟೂ ನಮ್ಮ ಪಂಪಿನ ಮುಂದಿನ ಸಾಲು ಗಿಡ್ಡವಾಗುತ್ತದೆ. ವಿಧಾನಸೌಧಕ್ಕೆ ಇದು ಕಾಣಿಸುವುದು ತಡವಾಗಿ.

"ನಮ್ಮ ತೆರಿಗೆ ನಮ್ಮ ಹಕ್ಕು" ಎಂದು 2024ರ ಫೆಬ್ರವರಿಯಲ್ಲಿ ಕಾಂಗ್ರೆಸ್ಸಿನವರು ಜಂತರ್ ಮಂತರ್‌ನಲ್ಲಿ ಕೂತದ್ದನ್ನು ಕಾಕಾ ಹೆಮ್ಮೆಯಿಂದ ಎತ್ತಿದರು. 15ನೇ ಹಣಕಾಸು ಆಯೋಗ ಕೇಂದ್ರ ತೆರಿಗೆಯಲ್ಲಿ ನಮ್ಮ ಪಾಲನ್ನು ಶೇ. 4.71ರಿಂದ 3.65ಕ್ಕೆ ಇಳಿಸಿದ್ದು ಖರೆ, ಸಿಟ್ಟು ನ್ಯಾಯವೇ. ಆದರೆ ಅದೇ ಮಾತನ್ನು ನಾಳೆ ಬೆಂಗಳೂರು ಬೀದರಿಗೆ ಹೇಳಿದರೆ? ತೆರಿಗೆ ಬಹುಪಾಲು ಹುಟ್ಟುವುದು ಅಲ್ಲಿ. ಸಂವಿಧಾನದ 371(ಜೆ) ವಿಧಿಯ ವಿಶೇಷ ಸ್ಥಾನ, ಕಲ್ಯಾಣ ಕರ್ನಾಟಕ ಮಂಡಳಿಯ ಅನುದಾನ ಇಲ್ಲಿ. ನಾನು ಹೀಗಂದಾಗ ಕಾಕಾ, ಮಾಸ್ತರು ಇಬ್ಬರೂ ಮೊದಲ ಬಾರಿಗೆ ಒಂದೇ ಪಕ್ಷವಾಗಿ ನನ್ನ ಮೇಲೆ ಬಿದ್ದರು.

ಬೀಳಲಿ. ನನ್ನ ತಕರಾರು ಸಾಲದ ಮೇಲಿಲ್ಲ. ಗೆರೆ ಎಳೆಯುವವರೂ ಆಳುವವರೇ, ಬಹುಮತ ಇದ್ದಾಗ ಅಳಿಸುವವರೂ ಅವರೇ. ಮುಂದಿನ ಬಜೆಟ್ ಬಂದಾಗ ಭಾಷಣ ಬಿಡಿ, ರಾಜಸ್ವ ಕೊರತೆ ಎಷ್ಟು, ಬಂಡವಾಳ ವೆಚ್ಚ ಎಷ್ಟು ಎಂಬ ಎರಡು ಸಾಲು ಹುಡುಕಿ ಓದಿ. ನಿಮ್ಮ ಪಕ್ಷದವರು ಮಂಡಿಸಿದ ವರ್ಷ ತಪ್ಪದೆ ಓದಿ.