ಕರಿ ಪರದೆಯ ಕೋಲೆಬಸವ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ, ಯಾವ ಊರಿಗೆ ಹೋದರೂ ‘ಕಂಪ್ಯೂಟರ್ ಅಣ್ಣ’ ಎಂಬ ಜೀವಿ ಸಿಗುತ್ತದೆ. ಅಡತಿ ಅಂಗಡಿಯ ತೊಗರಿ ಲೆಕ್ಕ, ಪರ್ಸಿ ಕಲ್ಲಿನ ಲಾರಿ ಚೀಟಿ, ಸಿಮೆಂಟ್ ಕಾರ್ಖಾನೆ ಗುತ್ತಿಗೆದಾರನ ಹಾಜರಿ ಪಟ್ಟಿ ಎಲ್ಲವೂ ಇವನ ಕೈಯಲ್ಲೇ. ಮೌಸ್ ಮುಟ್ಟುವುದು ಇವನಿಗೆ ಅವಮಾನ. ಕರಿ ಪರದೆ ತೆರೆದು ಬಿಳಿ ಅಕ್ಷರದಲ್ಲಿ ಆಜ್ಞೆ ಹೊಡೆದರೇ ಕೆಲಸ. ದಕ್ಷಿಣೆ: ಚಹಾ, ಸುಸಲಾ, ಎರಡು ಮಿರ್ಚಿ.

ಇವನ ಗುರುತು, ಯಂತ್ರ ಕೇಳಿದ್ದಕ್ಕೆಲ್ಲ ಕೋಲೆಬಸವನಂತೆ ತಲೆಯಾಡಿಸುವುದು. ‘ಅಳಿಸಲೇ?’ ಎಂದು ಪರದೆ ಕೇಳಿ ಮುಗಿಸುವ ಮೊದಲೇ ಬೆರಳು ‘ವೈ’ ಒತ್ತಿ ಎಂಟರ್ ಮೇಲಿರುತ್ತದೆ.

“ಅದೇನೋ ಕೇಳ್ಲಕತ್ತದಲ್ಲೋ ತಮ್ಮಾ?”

“ಕೇಳ್ತದ್ರಿ ಸಾವ್ಕಾರ್ರ, ಅದರ ಚಟಾನೇ ಅದ.”

ತಪ್ಪು ಪೂರ್ತಿ ಇವನದಲ್ಲ. ಅಳಿಸುವ ‘ಆರ್‌ಎಂ’ ಆಜ್ಞೆಗೆ ‘ಐ’ ಸೇರಿಸಿದರೆ ಒಂದೊಂದು ಕಡತಕ್ಕೂ ಕೇಳುತ್ತದೆ. ನೂರು ಸಲ ಕೇಳಿದ ಪ್ರಶ್ನೆಯನ್ನು ಯಾರೂ ಓದುವುದಿಲ್ಲ. ಬೇಸತ್ತವರಿಗೆ ‘ಎಫ್’ ಇದೆ, ಅದು ಯಂತ್ರದ ಬಾಯಿಗೆ ಬೀಗ. ಅಣ್ಣನಿಗೆ ಎಫ್ ಬಲು ಪ್ರಿಯ. ಹಳೆಯ ತೊಗರಿ ಲೆಕ್ಕ ತೆಗೆಯಲು ‘ತೊಗರಿ’ ಎಂದು ಹೊಡೆದು ಅದಕ್ಕೆ ಅಂಟಿಸಿ ನಕ್ಷತ್ರ ಹಾಕಬೇಕು. ಹೆಬ್ಬೆರಳು ಸ್ಪೇಸ್‌ಬಾರಿಗೆ ತಾಗಿ ನಡುವೆ ತೆರಪು ಬಿದ್ದರೆ ತೊಗರಿ ಬೇರೆ, ನಕ್ಷತ್ರ ಬೇರೆ. ಒಂಟಿ ನಕ್ಷತ್ರವೆಂದರೆ ಆ ಫೋಲ್ಡರಿನ ಕಡತಗಳೆಲ್ಲ. ಕಸದ ಬುಟ್ಟಿಯೂ ಇಲ್ಲ. ಪರದೆ ಏನೂ ಹೇಳದೆ ಮುಂದಿನ ಆಜ್ಞೆಗೆ ಕಾಯುತ್ತದೆ. ಅಣ್ಣ ಮಿರ್ಚಿಗೆ ಕೈ ಹಾಕುತ್ತಾನೆ.

ಇದಕ್ಕೆ ಮದ್ದು ವಾಡಿ ಜಂಕ್ಷನ್ನಿನ ಹಳಿಗಳ ಮೇಲೇ ಇದೆ. ರೈಲ್ವೆಯವರ ಇಂಟರ್‌ಲಾಕಿಂಗ್ ‘ಖಾತ್ರಿಯೇ?’ ಎಂದು ಕೇಳುವುದಿಲ್ಲ. ಒಂದಕ್ಕೊಂದು ಅಡ್ಡಬರುವ ಎರಡು ದಾರಿಗೆ ಒಟ್ಟಿಗೆ ಸಿಗ್ನಲ್ ಕೊಡಹೋದರೆ ಎರಡನೆಯದು ಸಿಗುವುದೇ ಇಲ್ಲ. ‘ಆರ್‌ಎಂ’ಗೂ 2006ರಲ್ಲಿ ಇಂಥ ಬುದ್ಧಿ ಬಂತು: ಗ್ನೂ ಆವೃತ್ತಿ ಇಡೀ ವ್ಯವಸ್ಥೆಯ ಬುಡವನ್ನೇ ಅಳಿಸೆಂದರೆ ತಾನಾಗಿ ಒಲ್ಲೆನೆನ್ನುತ್ತದೆ.

ಅಣ್ಣನ ಬಳಗ ದೊಡ್ಡದು. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಕಂಪನಿಯ ಎಂಜಿನಿಯರೊಬ್ಬರು ಎರಡನೆಯ ಸರ್ವರೆಂದು ತಿಳಿದು ಮೊದಲನೆಯದರ ಡೇಟಾಬೇಸ್ ಅಳಿಸಿದರು. ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5. ಆಮೇಲೆ ಯಾವ ಸರ್ವರಿನಲ್ಲಿದ್ದೇವೆಂದು ಪರದೆಯಲ್ಲೇ ಎದ್ದು ಕಾಣುವಂತೆ ಮಾಡುವ ಕೆಲಸ ಹಿಡಿದರು. ಮುಂದಿನ ತಿಂಗಳೇ ಅಮೆಜಾನ್‌ನಲ್ಲಿ ಒಂದು ಆಜ್ಞೆ ತಪ್ಪಿ ಬೇಕಾದ್ದಕ್ಕಿಂತ ಹೆಚ್ಚು ಸರ್ವರು ಮಲಗಿದವು. ಅಲ್ಲಿನ ಉಪಕರಣವೀಗ ನಿಧಾನವಾಗಿ ತೆಗೆಯುತ್ತದೆ, ಕನಿಷ್ಠ ಮಟ್ಟಕ್ಕಿಂತ ಕೆಳಗಿಳಿಸೆಂದರೆ ಕೇಳುವುದಿಲ್ಲ.

ಕೋಲೆಬಸವನ ಮುಂದೆ ಹೌದು-ಅಲ್ಲ ಪ್ರಶ್ನೆ ದಂಡ. ಅಳಿಸುವುದರ ಹೆಸರನ್ನೇ ಅಕ್ಷರ ಬಿಡದೆ ಟೈಪಿಸೆಂದರೆ ಬೆರಳು ನಿಂತು ಕಣ್ಣು ತೆರೆಯುತ್ತದೆ. ಕೋಡ್ ಇಡುವ ಗಿಟ್‌ಹಬ್ ತಾಣ ಮಾಡುವುದು ಅದನ್ನೇ. ಕಡತ ನಕಲಿಸುವ ‘ಆರ್‌ಸಿಂಕ್’ಗೆ ‘ಎನ್’ ಜೊತೆ ‘ವಿ’ ಕೊಟ್ಟರೆ ಏನೇನು ಹೋಗುತ್ತದೆಂದು ತೋರಿಸಿ ಸುಮ್ಮನಾಗುತ್ತದೆ, ಯಾವುದನ್ನೂ ಮುಟ್ಟುವುದಿಲ್ಲ. ಬರೀ ಎಂಟರ್ ಒತ್ತಿದರೆ ‘ಬೇಡ’ ಎಂದು ಭಾವಿಸುವ ಉಪಕರಣಗಳೂ ಇವೆ. ಅವು ಅಣ್ಣನ ಲೆಕ್ಕದಲ್ಲಿ “ಕೆಟ್ಟ ಮಷಿನ್”.

ಪೆಟ್ಟು ತಿಂದ ಅಣ್ಣ ಸೇಡಂನ ಯಂತ್ರದಲ್ಲಿ ‘ಆರ್‌ಎಂ’ ಎಂದರೆ ಸದಾ ‘ಐ’ ಸೇರುವಂತೆ ಕಟ್ಟಿಕೊಳ್ಳುತ್ತಾನೆ. ಯಂತ್ರ ಕೇಳುತ್ತದೆ, ಇವನು ‘ವೈ’ ಅನ್ನುತ್ತಾನೆ. ಒಮ್ಮೆ ಚಿಂಚೋಳಿಗೆ ಹೋಗಿ ಬೇರೆಯವರ ಯಂತ್ರದ ಮುಂದೆ ಕೂರುತ್ತಾನೆ. ಅಲ್ಲಿ ಆ ಕಟ್ಟಿಲ್ಲ. ಆಜ್ಞೆ ಕೊಟ್ಟೊಡನೆ ಎಲ್ಲ ಹೋಗಿರುತ್ತದೆ, ರೂಢಿಯ ಬೆರಳು ‘ವೈ’ ಒತ್ತಿರುತ್ತದೆ. ಪರದೆ ಆಗ ಬಾಯಿಬಿಡುತ್ತದೆ: ‘ವೈ’ ಎಂಬ ಆಜ್ಞೆ ಸಿಗಲಿಲ್ಲ.