ಎರಡು ಸಲ ಪುಕ್ಕಟೆಯಾದ ಕರೆಂಟಿನ ಬಗ್ಗೆ

ಮಾನ್ಯ ಕೇಂದ್ರ ಸರ್ಕಾರ ಮತ್ತು ಮಾನ್ಯ ಕರ್ನಾಟಕ ಸರ್ಕಾರದ ಸನ್ನಿಧಿಗೆ,
(ಒಂದೇ ಪ್ರತಿ ಇದೆ, ಇಬ್ಬರೂ ಜೊತೆಗೆ ಕೂತು ಓದಬೇಕಾಗಿ ವಿನಂತಿ.)

ವಿಷಯ: ಮನೆಯ ತಾರಸಿಗೆ ಸೋಲಾರ್ ಹಾಕಿಸದೇ ಇರಲು ತಾವು ನೀಡುತ್ತಿರುವ ಪ್ರೋತ್ಸಾಹಕ್ಕೆ ವಂದನೆ ಸಲ್ಲಿಸುವ ಬಗ್ಗೆ.

ಮಾನ್ಯರೇ,

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬ ಗಾದೆ ನಮ್ಮಲ್ಲಿದೆ. ತಾರಸಿ ಸೋಲಾರಿನ ವಿಷಯದಲ್ಲಿ ಜಗಳವೇ ಆಗಿಲ್ಲ. ಇಬ್ಬರೂ ಮುದ್ದು ಮಾಡಿ ಮಾಡಿಯೇ ಕೂಸು ಬಡವಾಗಿದೆ. ರಾಜ್ಯ ಸರ್ಕಾರ 2023ರ ಆಗಸ್ಟ್ ಬಿಲ್ಲಿನಿಂದ ಗೃಹಜ್ಯೋತಿ ಹೊತ್ತಿಸಿ, ತಿಂಗಳಿಗೆ 200 ಯೂನಿಟ್ ದಾಟದೆ, ತಮ್ಮ ಪಾಲಿನ ಮಿತಿಯೊಳಗೇ ಉರಿಸುವ ಮನೆಗಳಿಗೆ ಬಿಲ್ಲೇ ಇಲ್ಲದಂತೆ ಮಾಡಿತು. ಆರು ತಿಂಗಳು ಕಳೆಯುವಷ್ಟರಲ್ಲಿ, 2024ರ ಫೆಬ್ರುವರಿಯಲ್ಲಿ, ಕೇಂದ್ರ ಸರ್ಕಾರ 75,021 ಕೋಟಿ ರೂಪಾಯಿಯ ಪಿಎಂ ಸೂರ್ಯ ಘರ್ ತಂದು, ಒಂದು ಕೋಟಿ ಮನೆಗಳು ಸೋಲಾರ್ ಹಾಕಿಸಿಕೊಂಡರೆ 300 ಯೂನಿಟ್‌ವರೆಗೂ ಕರೆಂಟು ಪುಕ್ಕಟೆ ಎಂದಿತು. ಈಗಾಗಲೇ ಸೊನ್ನೆಯಾಗಿರುವ ಬಿಲ್ಲನ್ನು ಮತ್ತೊಮ್ಮೆ ಸೊನ್ನೆ ಮಾಡಲು ಯಾರಾದರೂ ಕೈಯಿಂದ ದುಡ್ಡು ಹಾಕುತ್ತಾರೆಯೇ ಎಂಬ ಪ್ರಶ್ನೆ ದೆಹಲಿಗೂ ಹೊಳೆಯಲಿಲ್ಲ, ವಿಧಾನಸೌಧಕ್ಕೂ ಹೊಳೆಯಲಿಲ್ಲ. ಹೊಳೆದಿದ್ದು ಮನೆ ಯಜಮಾನನಿಗೆ ಮಾತ್ರ.

ಅವನ ಲೆಕ್ಕವನ್ನೇ ನೋಡಿ. ತಿಂಗಳಿಗೆ 90 ಯೂನಿಟ್ ಉರಿಸುವ ಮನೆ ಅದು. ಒಂದು ಕಿಲೋವ್ಯಾಟ್ ಸೋಲಾರ್ ಹಾಕಿಸಲು 60 ಸಾವಿರದ ಆಸುಪಾಸು ಬೇಕು. ಕೇಂದ್ರದ ಸಬ್ಸಿಡಿ 30 ಸಾವಿರ ಕಳೆದರೂ ಇನ್ನೊಂದು 30 ಸಾವಿರ ಕೈಯಿಂದ ಹೋಗುತ್ತದೆ. ನಮ್ಮ ಬಿಸಿಲಿಗೆ ದಿನಕ್ಕೆ ನಾಲ್ಕು ಯೂನಿಟ್‌ನಂತೆ ತಿಂಗಳಿಗೆ 120 ಯೂನಿಟ್ ಬರುತ್ತದೆ. ಅದರಲ್ಲಿ 90 ಯೂನಿಟ್‌ನಿಂದ ಅವನಿಗೆ ಉಳಿತಾಯ ಏನೂ ಇಲ್ಲ, ಏಕೆಂದರೆ ಅಷ್ಟನ್ನು ರಾಜ್ಯ ಸರ್ಕಾರ ಮೊದಲೇ ಮಾಫಿ ಮಾಡಿದೆ. ಮಿಕ್ಕ 30 ಯೂನಿಟ್ ಎಸ್ಕಾಂಗೆ ಮಾರಬೇಕು. ತಾರಸಿಯ ಕರೆಂಟಿಗೆ 2013ರಲ್ಲಿ ಯೂನಿಟ್‌ಗೆ 9 ರೂಪಾಯಿ 56 ಪೈಸೆ ಗೊತ್ತುಮಾಡಿದ್ದ ವಿದ್ಯುತ್ ನಿಯಂತ್ರಣ ಆಯೋಗ, 2016ರಲ್ಲಿ ಸಣ್ಣ ಮನೆಗಳಿಗೆ ಅದನ್ನು 7 ರೂಪಾಯಿ 8 ಪೈಸೆಗೆ ಇಳಿಸಿತು. ಇಂದಿನ ದರ ಮೊದಲಿನ ಅರ್ಧವೂ ಇಲ್ಲ. ಉದಾರವಾಗಿ 4 ರೂಪಾಯಿ ಎಂದೇ ಹಿಡಿದರೂ ತಿಂಗಳಿಗೆ 120 ರೂಪಾಯಿ ಆಯಿತು. ಹಾಕಿದ ಅಸಲು ಹುಟ್ಟಲು ಇಪ್ಪತ್ತು ವರ್ಷ ದಾಟುತ್ತದೆ. ಪ್ಯಾನೆಲ್‌ಗೆ ಕಂಪನಿ ಕೊಡುವ ಗ್ಯಾರಂಟಿ ಇಪ್ಪತ್ತೈದು ವರ್ಷ. ಅಷ್ಟು ಕಾಲ ಕಾಯುವುದಕ್ಕಿಂತ ಈ ತಿಂಗಳೇ ಕೈಸೇರುವ ಗ್ಯಾರಂಟಿಯನ್ನು ಅವನು ನೆಚ್ಚಿಕೊಂಡರೆ ತಪ್ಪೇನು?

ಇನ್ನು ಸೂರ್ಯನನ್ನು ಮೊದಲೇ ನಂಬಿದವರ ಕಥೆ ಕೇಳಿ. ಬೆಂಗಳೂರಿನಲ್ಲಿ ಒಂದು ಅಳತೆಗಿಂತ ದೊಡ್ಡದಾದ ಹೊಸ ಮನೆಗೆ ಸೋಲಾರ್ ವಾಟರ್ ಹೀಟರ್ ಇಲ್ಲದೆ ಕರೆಂಟ್ ಕನೆಕ್ಷನ್ ಸಿಗದು ಎಂಬ ನಿಯಮ ಬಂದು ಎಷ್ಟೋ ವರ್ಷವಾಯಿತು. ಹೀಟರ್ ಇರುವ ಮನೆಗೆ ಬಿಲ್ಲಿನಲ್ಲಿ ಯೂನಿಟ್‌ಗೆ 50 ಪೈಸೆ, ತಿಂಗಳಿಗೆ ಹೆಚ್ಚೆಂದರೆ 50 ರೂಪಾಯಿ ರಿಯಾಯಿತಿಯನ್ನೂ ಕೊಡುತ್ತ ಬಂದಿರಿ. ಆಮೇಲೆ ಗೃಹಜ್ಯೋತಿಗೆ ಒಂದು ಸೂತ್ರ ಹೊಸೆದಿರಿ: 2022–23ರಲ್ಲಿ ಬಳಸಿದ ಸರಾಸರಿ, ಅದರ ಮೇಲೆ ಶೇ 10. ಸೋಲಾರ್ ನೀರಿನಲ್ಲಿ ಸ್ನಾನ ಮಾಡಿ, ಎಲ್‌ಇಡಿ ಬಲ್ಬ್ ಹಾಕಿಕೊಂಡು 60 ಯೂನಿಟ್‌ನಲ್ಲೇ ಸಂಸಾರ ತೂಗಿಸಿದ ಮನೆಗೆ ಈ ಸೂತ್ರದ ಪ್ರಕಾರ 66 ಯೂನಿಟ್ ಪುಕ್ಕಟೆ. ಬೆಳಗೆದ್ದು ಗೀಸರ್ ಹಾಕಿ ಮರೆತು 160 ಉರಿಸಿದ ಪಕ್ಕದ ಮನೆಗೆ 176. ಅಂದು ಹೆಚ್ಚು ಸುಟ್ಟವನಿಗೆ ಇಂದು ಹೆಚ್ಚು ಬಹುಮಾನ. ಸೊನ್ನೆ ಬಿಲ್ಲಿನಲ್ಲಿ ಆ ಐವತ್ತು ರೂಪಾಯಿಯನ್ನು ಯಾವುದರಿಂದ ಕಳೆಯುತ್ತೀರಿ ಎಂಬುದನ್ನು ಮಾತ್ರ ದಯವಿಟ್ಟು ತಿಳಿಸಿ.

ಹೀಗೆಂದ ಕೂಡಲೇ ಬಡವರ ಮನೆಯ ದೀಪ ಆರಿಸಲು ಹೊರಟವನು ಎಂಬ ಮಾತು ಬರುತ್ತದೆ. ದೀಪ ಉರಿಯಲಿ, ನನ್ನ ತಕರಾರು ಎಣ್ಣೆ ಎಲ್ಲಿಂದ ಎಂಬುದರ ಬಗ್ಗೆ. ಗೃಹಜ್ಯೋತಿಗೆ ವರ್ಷಕ್ಕೆ ಹತ್ತು ಸಾವಿರ ಕೋಟಿಯ ಆಸುಪಾಸು ಖರ್ಚು, ಫಲಾನುಭವಿ ಮನೆಗಳು ಒಂದೂವರೆ ಕೋಟಿಗೂ ಹೆಚ್ಚು. ಸ್ಥೂಲವಾಗಿ ಮನೆಯೊಂದಕ್ಕೆ ವರ್ಷಕ್ಕೆ ಆರು ಸಾವಿರ ರೂಪಾಯಿ. ಐದು ವರ್ಷಕ್ಕೆ 30 ಸಾವಿರ. ಅದಕ್ಕೆ ಕೇಂದ್ರದ 30 ಸಾವಿರ ಕೂಡಿಸಿದರೆ ಒಂದು ಕಿಲೋವ್ಯಾಟ್ ಪ್ಯಾನೆಲ್ ಬಡವನ ತಾರಸಿಗೆ ಅವನ ಒಂದು ಪೈಸೆಯೂ ಇಲ್ಲದೆ ಏರುತ್ತದೆ, ಮುಂದಿನ ಇಪ್ಪತ್ತು ವರ್ಷ ಯಾವ ಬಜೆಟ್ಟಿಗೂ ಕಾಯದೆ ಕರೆಂಟು ಕೊಡುತ್ತದೆ. ಇದು ಹಗಲುಗನಸಲ್ಲ. ರಾಜಸ್ಥಾನವೂ ಮನೆಗಳಿಗೆ 100 ಯೂನಿಟ್ ಪುಕ್ಕಟೆ ಕೊಡುತ್ತಿತ್ತು; 2025ರಲ್ಲಿ ಅದನ್ನು ಸೂರ್ಯ ಘರ್ ಜೊತೆ ಗಂಟುಹಾಕಿ, ತಾರಸಿಗೆ ಪ್ಯಾನೆಲ್ ಹಾಕಿಸಿದರೆ 150 ಯೂನಿಟ್ ಎಂದು ಘೋಷಿಸಿತು. ಉತ್ತರ ಪ್ರದೇಶ ಕೇಂದ್ರದ ಸಬ್ಸಿಡಿಯ ಮೇಲೆ ತನ್ನ ಕೈಯಿಂದ 30 ಸಾವಿರದವರೆಗೆ ಸೇರಿಸುತ್ತಿದೆ. ಆ ರಾಜ್ಯಗಳ ಬಿಸಿಲು ನಮ್ಮದಕ್ಕಿಂತ ಜಾಣ ಬಿಸಿಲೇನಲ್ಲ.

ತಾರಸಿಯೇ ಇಲ್ಲದ ಬಾಡಿಗೆದಾರ, ಶೀಟ್ ಮನೆಯವನು ಏನು ಮಾಡಬೇಕು ಎನ್ನುವುದು ನಿಜವಾದ ಆಕ್ಷೇಪ. ಅವರಿಗೆ ಪುಕ್ಕಟೆ ಯೂನಿಟ್ ಈಗಿನಂತೆಯೇ ಇರಲಿ, ಅದನ್ನು ಕಿತ್ತುಕೊಳ್ಳಲು ಹೇಳುತ್ತಿಲ್ಲ. ಸಂಜೆ ಏಳಕ್ಕೆ ಸೂರ್ಯ ಇರುವುದಿಲ್ಲ ಎಂಬ ಇನ್ನೊಂದು ಆಕ್ಷೇಪವನ್ನೂ ಒಪ್ಪಿದೆ. ಆದರೆ ಪಾವಗಡದಲ್ಲಿ 13 ಸಾವಿರ ಎಕರೆಯನ್ನು ರೈತರಿಂದ ಗುತ್ತಿಗೆಗೆ ಪಡೆದು 2,050 ಮೆಗಾವ್ಯಾಟ್ ಪಾರ್ಕ್ ಕಟ್ಟುವಾಗ ಸಂಜೆ ಏಳರ ಚಿಂತೆ ಯಾರನ್ನೂ ಕಾಡಲಿಲ್ಲವಲ್ಲ. ಮನೆಯ ತಾರಸಿಗೆ ಗುತ್ತಿಗೆ ಹಣ ಕೊಡಬೇಕಿಲ್ಲ, ನೂರಾರು ಕಿಲೋಮೀಟರ್ ತಂತಿ ಎಳೆಯಬೇಕಿಲ್ಲ. ಕತ್ತರಿ ಹಿಡಿದು ಉದ್ಘಾಟನೆ ಮಾಡಲು ಜಾಗ ಸಾಲದು ಎಂಬುದೊಂದೇ ಅದರ ಕೊರತೆ ಇರಬಹುದು.

ಆದ್ದರಿಂದ ತಮ್ಮಲ್ಲಿ ಕೋರುವುದು ಎರಡೇ. ತಾರಸಿ ಇದ್ದು ಒಪ್ಪುವ ಮನೆಗಳ ಐದು ವರ್ಷದ ಗೃಹಜ್ಯೋತಿ ಹಣವನ್ನು ಮುಂಗಡವಾಗಿ ಪ್ಯಾನೆಲ್‌ಗೆ ಕೊಡಿ, ಉಳಿದ ಅರ್ಧವನ್ನು ದೆಹಲಿ ಹೇಗೂ ಕೊಡುತ್ತದೆ. ಮತ್ತು ಶೇ 10ರ ಸೂತ್ರದಲ್ಲಿ ವಾಟರ್ ಹೀಟರ್ ಮನೆಗಳನ್ನು ಗೀಸರ್ ಮನೆಗಳ ಸಮಕ್ಕಾದರೂ ತನ್ನಿ. ಈ ಯೋಜನೆಗೆ ಯಾರ ಭಾವಚಿತ್ರ ಹಾಕಬೇಕೆಂಬ ತಗಾದೆ ಬಂದರೆ, ಪ್ಯಾನೆಲ್‌ಗೆ ಎರಡು ಬದಿ ಇವೆ. ಕೆಳಬದಿ ಪೂರ್ತಿ ಖಾಲಿ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಆರ್.ಆರ್. ನಂಬರ್‌ದಾರ

ಅಡಕ: ಶೂನ್ಯ ಮೊತ್ತದ ಬಿಲ್ಲಿನ ಜೆರಾಕ್ಸ್, ಒಂದು.